ಓದದೆ ಓದಿ ಹೇಳಿದ ಕಾಗದ

ದಸ್ತಗೀರ ಕಾಕಾ, ಒಂಬತ್ತು ವರ್ಷದ ಹಿಂದೆ ನಮ್ಮ ಕಬ್ಬಿಣ ಕೊಯ್ಯುವ ಶೆಡ್ಡಿನಲ್ಲಿ ನಿಮಗೆ ಓದಿ ಹೇಳಿದ ಆ ಕಾಗದವನ್ನು ನಾನು ಓದಿರಲಿಲ್ಲ. ಓದಲು ನನಗೆ ಬರುತ್ತಲೇ ಇರಲಿಲ್ಲ.

ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ನಿಮಗೆ ಓದಲು ಬರುವುದು ಉರ್ದು, ಕನ್ನಡ ಅಲ್ಲ. ಹಾಗಾಗಿ ಇದನ್ನು ನಿಮ್ಮ ಮಗಳು ಶಬಾನಾ ಓದಿ ಹೇಳಬೇಕು.

ಟಿಕೋಟಾ ಕಡೆ ಒಣದ್ರಾಕ್ಷಿ ತೊಳೆಯುವ ಜಾಗಕ್ಕೆ ಫೈಬರ್ ಗ್ರೇಟಿಂಗ್ ಬೇಕಾಗಿತ್ತು — ಗಟಾರದ ಮೇಲೆ ಹಾಸುವ, ಚೌಕ ತೂತುಗಳ ಹಲಗೆ. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಫೈಬರ್ ತರಿಸಿದ್ದರು. ನಾವಿಬ್ಬರೂ ಅಲ್ಲಿಯವರೆಗೆ ಕೊಯ್ದದ್ದು ಬರೀ ಕಬ್ಬಿಣ. ಹೊಸ ಮಾಲು ಎಂದು ನೀವು ಟವೆಲ್ಲಿನಿಂದ ಮೂಗು ಬಾಯಿ ಕಟ್ಟಿಕೊಂಡಿರಿ. ಎಂದೂ ಹಾಕದ, ಕಿಡಿ ತಡೆಯುವ ಕನ್ನಡಕವನ್ನು ಹುಡುಕಿ ತೆಗೆದು ಹಾಕಿಕೊಂಡಿರಿ. ಆಮೇಲೆ ಹಲಗೆಗಳ ಜೊತೆ ಬಂದ ಕಾಗದವನ್ನು ನನ್ನ ಕೈಗೆ ಕೊಟ್ಟಿರಿ.

"ಲೇ ಸಿದ್ರಾಮ, ಕಿಸೆದಾಗ ಪೆನ್ನ ಇಟ್ಕೊಂಡ ಸಾಹೇಬ ನೀನ. ಓದ ನೋಡೂನು."

ಆ ಪೆನ್ನು — ಸಾಲಿ ಕಲಿತವನೆಂದು ಜನ ತಿಳಿಯಲಿ ಎಂದೇ ಇಟ್ಟುಕೊಳ್ಳುತ್ತಿದ್ದೆ. ಕಾಗದದ ಮೇಲೆ ಕಣ್ಣು ಓಡಿಸಿದೆ. ತುಟಿಯನ್ನೂ ಅಲ್ಲಾಡಿಸಿದೆ.

"ಕಬ್ಬಿಣ ಕೊಯ್ದಂಗ ಕೊಯ್ರಿ ಅಂತ ಬರದಾರ್ರಿ ಕಾಕಾ."

"ಮಾರಿಗೆ ಏನರ ಕಟ್ಕೋಬೇಕಂತ?"

"ಏನೂ ಬ್ಯಾಡಂತ."

"ಛಲೋ ಆತು ಬಿಡು, ಈ ಸೆಕಿಯೊಳಗ ಉಸರ ಕಟ್ಟಾಕತ್ತಿತ್ತು" ಎಂದು ನೀವು ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡಿರಿ. ಕನ್ನಡಕವನ್ನು ಹಣೆಗೆ ಏರಿಸಿದಿರಿ. ನಾನು ನೋಡುತ್ತಾ ನಿಂತೆ — ಆಗಲಾದರೂ —

ಕಬ್ಬಿಣದ ಕಿಡಿ ಕಣ್ಣಿಗೆ ಕಾಣುತ್ತದೆ, ಮುಖ ಪಕ್ಕಕ್ಕೆ ತಿರುಗಿಸಬಹುದು. ಫೈಬರಿಗೆ ಕಿಡಿಯಿಲ್ಲ. ಬಿಳಿ ಧೂಳು ಏಳುತ್ತಲೇ ಇತ್ತು, ನೀವು ಕೆಮ್ಮುತ್ತಾ ಕೊಯ್ಯುತ್ತಲೇ ಇದ್ದಿರಿ. ಕೊನೆಯ ಹಲಗೆಯ ತುದಿಗೆ ಕೆಳಗೆ ಆಧಾರವಿರಲಿಲ್ಲ. ಅದು ಬಾಗಿ ಪಟ್ಟನೆ ಮುರಿಯಿತು, ಚೂರು ಹಾರಿ ನಿಮ್ಮ ಬಲಗಣ್ಣಿಗೆ ಹೊಕ್ಕಿತು.

ಆಸ್ಪತ್ರೆಯಲ್ಲಿ ಶೆಡ್ಡಿನ ಮಾಲಕರು ನನ್ನನ್ನು ಕೇಳಿದರು, "ಕಾಗದ ಓದಿ ಹೇಳಿದ್ದಿಲ್ಲೇನೋ?"

"ಹೇಳಿದ್ನಿರಿ. ಅವರ ಕೇಳ್ಲಿಲ್ರಿ."

ನೀವು ಅಲ್ಲೇ ಇದ್ದಿರಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು. ಇನ್ನೊಂದು ಕಣ್ಣು ನನ್ನ ಕಡೆ ತಿರುಗಿತು. ಆಮೇಲೆ ಮೆಲ್ಲಗೆ ಅಂದಿರಿ, "ಹೌದ್ರಿ ಮಾಲಕ್ರ, ಹೇಳಿದ್ದ. ನಂದ ತಪ್ಪ."

ಯಾಕೆ ಹಾಗೆ ಅಂದಿರಿ ಕಾಕಾ? ನನಗೆ ಓದು ಬರುವುದಿಲ್ಲವೆಂದು ನಿಮಗೆ ಮೊದಲೇ ಗೊತ್ತಿತ್ತೋ, ಅಲ್ಲೇ ಗೊತ್ತಾಯಿತೋ — ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಗೆರೆ ಎಳೆದಂತೆ ಕೊಯ್ಯುತ್ತಿದ್ದ ಕೈ ನಿಮ್ಮದು. ಆ ಕೈಯಿಂದ ನೀವು ಈಗ ಸಾರವಾಡದಲ್ಲಿ, ಉಳಿದ ಒಂದೇ ಕಣ್ಣಿನಲ್ಲಿ, ಸೈಕಲ್ಲಿನ ಪಂಕ್ಚರ್ ತಿದ್ದುತ್ತೀರಿ. ನಾನು ಅದೇ ಶೆಡ್ಡಿನಲ್ಲಿ, ನಿಮ್ಮ ಜಾಗದಲ್ಲಿ ನಿಂತು ಕೊಯ್ಯುತ್ತೇನೆ.

ನಲವತ್ತು ದಾಟಿದ ಮೇಲೆ ಜಲನಗರದಲ್ಲಿ ಸಾಲಿ ಕಲಿಸುವ ಒಬ್ಬ ಅಕ್ಕೋರ ಹತ್ತಿರ ಅಕ್ಷರ ಕಲಿತೆ. ಒಂದು ಸಾಲು ಕೂಡಿಸಿ ಓದಲು ಬಂದ ದಿನ, ಅಂದಿನಿಂದ ಬಚ್ಚಿಟ್ಟಿದ್ದ ಆ ಕಾಗದವನ್ನು ಟ್ರಂಕಿನಿಂದ ತೆಗೆದೆ. ಬೆರಳಿಟ್ಟು ಓದಿದೆ. ಮೂಗು ಬಾಯಿಗೆ ಧೂಳಿನ ಮಾಸ್ಕ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ. ವಜ್ರದ ಚೂರಿನ ಬ್ಲೇಡು. ಹಲಗೆಯ ಎರಡೂ ಕಡೆ ಆಧಾರ. ಕೊಯ್ದ ಅಂಚಿಗೆ ರಾಳ ಬಳಿಯಬೇಕು. ಎಲ್ಲವೂ ಇತ್ತು, ಸುಲಭ ಕನ್ನಡದಲ್ಲಿ. ನೀವು ನಿಮ್ಮಷ್ಟಕ್ಕೆ ನೀವೇ ಕಟ್ಟಿಕೊಂಡದ್ದು ಸರಿಯಾಗಿತ್ತು ಕಾಕಾ. ಬಿಚ್ಚಿಸಿದವನು ನಾನು.

ನಿನ್ನೆ ಮಾಲಕರಿಗೆ ಎಲ್ಲ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಭಾನುವಾರ ಸಾರವಾಡಕ್ಕೆ ಬರುತ್ತೇನೆ. ನಿಮ್ಮ ಅಂಗಡಿಯ ಮುಂದೆ, ನಾಲ್ಕು ಜನ ಇದ್ದಾಗಲೇ, ಆ ಕಾಗದವನ್ನು ಮೊದಲ ಸಾಲಿನಿಂದ ಓದುತ್ತೇನೆ. ಕೇಳುವುದು, ಎಬ್ಬಿಸಿ ಕಳಿಸುವುದು ನಿಮಗೆ ಬಿಟ್ಟದ್ದು. ಪೆನ್ನನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ತಂಗಿ ಶಬಾನಾ, ಅಪ್ಪನಿಗೆ ನೋವಾಗುತ್ತದೆಂದು ಯಾವುದನ್ನೂ ಹಾರಿಸಬೇಡ. ಬರೆದದ್ದನ್ನೇ ಓದು.