ಎರಡು ಗುಡಿಗಳ ನಡುವೆ ಡೀಲಿಯಾ

ನಮ್ಮ ಪಕ್ಕದ ಡೀಲಿಯಾ ಟೂಹಿ ಮೂವತ್ತೊಂಬತ್ತು ವರ್ಷ ಅಡುಗೆ ಮಾಡಿದ್ದು ಒಂದು ಮನೆಯಲ್ಲಿ, ಮಲಗಿದ್ದು ಇನ್ನೊಂದರಲ್ಲಿ. ನಡುವೆ ಕಿಲ್‌ಶಾನಾ ಎಸ್ಟೇಟಿನ ಹೆಬ್ಬಾಗಿಲು, ಬಂಗಲೆಗೆ ಹೋಗುವ ದಾರಿ. ಅವಳ ಗಂಡ ಮಾರ್ಟಿನ್ ಎಸ್ಟೇಟಿನ ಆಳು. ಬಾಗಿಲು ತೆಗೆಯುವುದು, ಹಾಕುವುದು ಅವಳ ಕೆಲಸ.

ಹಳೆಯ ದೊರೆಯೊಬ್ಬ ಹರೆಯದಲ್ಲಿ ಗ್ರೀಸಿಗೆ ಹೋಗಿ, ಅಲ್ಲಿನ ಹಾಳು ಗುಡಿಗಳಿಗೆ ಮನಸೋತು ಬಂದಿದ್ದ. ಕಾವಲಿನವರಿಗೆ ಮನೆ ಕಟ್ಟಿಸುವಾಗ ಬಾಗಿಲಿನ ಎಡಕ್ಕೊಂದು ಕಲ್ಲಿನ ಗುಡಿ, ಬಲಕ್ಕೊಂದು ಕಟ್ಟಿಸಿದ. ಒಂದೊಂದಕ್ಕೂ ನಾಲ್ಕು ಕಂಬ, ಒಳಗೆ ಒಂದೇ ಕೋಣೆ. ರಸ್ತೆ ಕಡೆಯ ಕಿಟಕಿಗಳು ಬರೀ ಬಣ್ಣದಲ್ಲಿ ಬರೆದವು. ಅಂದ ಕೆಡಬಾರದೆಂದು ಹೊಗೆಗೂಡನ್ನು ಗಿಡ್ಡ ಮಾಡಿಸಿದ್ದರಿಂದ ಹೊಗೆಯೂ ಒಳಗೇ ಸಂಸಾರ ಹೂಡಿತ್ತು.

ಮದುವೆಯಾಗಿ ಬಂದ ದಿನ ಡೀಲಿಯಾ ಕೇಳಿದಳಂತೆ, "ಅಲ್ಲಾ, ಮನೆ ಎಲ್ಲಿ?"

"ಎರಡು ಕೊಟ್ಟಿದಾರೆ ಕಣೇ," ಅಂದ ಮಾರ್ಟಿನ್. "ಊರಲ್ಲಿ ಇನ್ಯಾರಿಗಿದೆ ಹೇಳು?"

"ಎರಡು ಅರ್ಧ ಕೊಟ್ಟಿದಾರೆ."

ಅಂದಿನಿಂದ ಗಂಜಿ ಪಾತ್ರೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ಮಳೆಯಲ್ಲಿ ದಾರಿ ದಾಟುವುದೇ ಆಯಿತು.

ಮೂರನೆಯ ಮಗಳು ಹುಟ್ಟಿದ ಮಧ್ಯಾಹ್ನ ಮಾರ್ಟಿನ್ ಉರುವಲಿಗೆ ಹೋಗಿದ್ದ. ನೋವು ಜೋರಾದಾಗಲೇ ಬಂಗಲೆಯ ದೊರೆಸಾನಿಯ ಕಾರಿನ ಹಾರನ್ ಕೇಳಿಸಿತು. ಸೂಲಗಿತ್ತಿ "ಮಲಕ್ಕೊಳ್ಳೇ!" ಎಂದು ಕೂಗುತ್ತಿದ್ದರೂ ಡೀಲಿಯಾ ಎದ್ದು ಹೋಗಿ ಬಾಗಿಲು ತೆಗೆದಳು.

"ಡೀಲಿಯಾ, ಬಾಗಿಲು ಕಿರುಗುಟ್ತಾ ಇದೆ," ಎಂದಳು ದೊರೆಸಾನಿ.

"ಬಾಗಿಲಲ್ಲ ಅಮ್ಮಾವ್ರೇ, ನಾನು."

ಇಪ್ಪತ್ತು ನಿಮಿಷಕ್ಕೆ ಹೆರಿಗೆಯಾಯಿತು. ಮರುದಿನ ಬಂಗಲೆಯಿಂದ ಬಾಣಂತಿಗೆ ಒಂದು ಡಬ್ಬಿ ಬಂತು: ಬಾಗಿಲಿಗೆ ಹಾಕುವ ಎಣ್ಣೆ.

ಕಾಲ ಕಳೆದು ಮಾರ್ಟಿನ್ ಸತ್ತ, ದೊರೆಸಾನಿಯೂ ಸತ್ತಳು. ಲಂಡನ್ನಿನಲ್ಲಿದ್ದ ವಾರಸುದಾರ ಬಂಗಲೆ ಕೆಡವಿಸಿ ಕಲ್ಲು ಮಾರಿದ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಕಲ್ಲು ಹೊತ್ತ ಪ್ರತಿ ಲಾರಿಗೂ ಡೀಲಿಯಾ ಬಾಗಿಲು ತೆಗೆದು, ಹಾಕಿದಳು. ಕೊನೆಗೆ ಒಳಗೆ ಹುಲ್ಲುಗಾವಲು ಬಿಟ್ಟರೆ ಏನೂ ಉಳಿಯಲಿಲ್ಲ. ಬದುಕಿರುವವರೆಗೆ ಇದ್ದುಕೋ ಎಂದು ವಾರಸುದಾರ ಗುಡಿಗಳನ್ನು ಅವಳಿಗೆ ಬಿಟ್ಟುಕೊಟ್ಟ.

ಈಗಲಾದರೂ ಎರಡರ ನಡುವೆ ಸೂರು ಎಳೆಯೋಣವೆಂದರೆ, ಹಳೆ ಕಟ್ಟಡ ಕಾಯುವ ಸಂಘದವನೊಬ್ಬ ಅಳತೆ ಟೇಪು ಹಿಡಿದು ಬಂದ. ಕಂಬಗಳನ್ನು ಸವರುತ್ತ ಕಣ್ಣಲ್ಲಿ ನೀರು ತಂದುಕೊಂಡ.

"ಇದನ್ನ ಮುಟ್ಟೋ ಹಾಗಿಲ್ಲಮ್ಮ. ಎಡ ಬಲ ಎಷ್ಟು ಸಮ ನೋಡಿ!"

"ಮಧ್ಯೆ ಒಂದು ತಗಡು?"

"ಅಯ್ಯೋ, ಬೇಡಿ! ಇಂಥಾದ್ರಲ್ಲಿ ಇರೋಕೆ ಪುಣ್ಯ ಮಾಡಿರಬೇಕು."

"ಹಾಗಾದ್ರೆ ಈ ಚಳಿಗಾಲ ಆ ಪುಣ್ಯ ನೀವೇ ಇಟ್ಕೊಳ್ಳಿ. ಹಾಸಿಗೆ ಆ ಕಡೆ, ಚಹಾ ಈ ಕಡೆ."

ಅವನು ನಕ್ಕು ಹೋದ. ಅದೇ ವಾರ ಡೀಲಿಯಾ ನಮ್ಮಪ್ಪನನ್ನು ಕರೆಸಿ ಮಂಚವನ್ನು ಅಡುಗೆಕೋಣೆಗೆ ಸಾಗಿಸಿದಳು; ಖಾಲಿಯಾದ ಗುಡಿಗೆ ಕೋಳಿಗಳನ್ನು ಬಿಟ್ಟಳು. ಮರುವರ್ಷ ಸಂಘದವನು ಫೋಟೋ ತೆಗೆಯಲು ಬಂದು ಕಂಗಾಲಾದ.

"ಏನಮ್ಮಾ ಇದು?"

"ಕಟ್ಟಡ ಮುಟ್ಟಿಲ್ಲಪ್ಪ. ಕೇಳಿ ನೋಡಿ, ಅವಕ್ಕೂ ತುಂಬಾ ಹಿಡಿಸಿದೆ."

ಆಮೇಲೆ ಹನ್ನೊಂದು ಚಳಿಗಾಲ ಅವಳು ಒಲೆ ಪಕ್ಕದಲ್ಲೇ ಬೆಚ್ಚಗೆ ಮಲಗಿದಳು.