ಬಿದ್ದ ದಿನ, ಅಳೆದ ದಿನ

ಜಪಾನಿನ ಕಾಶಿವಾದಲ್ಲಿ, ತನ್ನ ಮನೆಯ ಮೇಲೆ, ಮಳೆ ಬರುತ್ತದೋ ಇಲ್ಲವೋ ಉಷಾಗೆ ಗೊತ್ತಿರುವುದಿಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ವಾರಕ್ಕೆರಡು ಸಲವಾದರೂ ತೊಯ್ದು ತೊಪ್ಪೆಯಾಗುತ್ತದೆ. ಆದರೆ ಸಾವಿರಾರು ಮೈಲಿ ಆಚೆ ರಾಜಸ್ಥಾನದ ಮರಳುಗಾಡಿನಲ್ಲಿ ಅಂಗೈಯಗಲ ಮೋಡ ಕಟ್ಟಿದರೂ ಆಕೆಗೆ ಸುದ್ದಿ ಮುಟ್ಟುತ್ತದೆ. "ಆ ಇರುವೆಗಳಿಗಿರೋ ಮರ್ಯಾದೆ ನನ್ನ ಶರ್ಟಿಗಿಲ್ವಲ್ಲೇ" ಎಂದು ಗಂಡ ಶ್ರೀಕಂಠ ತೋಳು ಹಿಂಡುತ್ತಾ ಗೊಣಗುತ್ತಾನೆ. ಆತನ ಸಾಫ್ಟ್‌ವೇರ್ ಕೆಲಸದ ಬೆನ್ನು ಹತ್ತಿ ಜಪಾನಿಗೆ ಬಂದು ಹದಿನಾಲ್ಕು ವರ್ಷ ಅಡಿಗೆಮನೆ ನೋಡಿಕೊಂಡಿದ್ದವಳು, ಮೂರು ವರ್ಷದಿಂದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅರೆಕಾಲಿಕ ಕೆಲಸಕ್ಕೆ ಹೋಗುತ್ತಾಳೆ.

ಪ್ರಯೋಗಾಲಯ ಪ್ರೊಫೆಸರ್ ಮಿಜೊಗುಚಿ ಸೆನ್ಸೆಯವರದು; ಸೆನ್ಸೆ ಎಂದರೆ ಅಲ್ಲಿ ಗುರುಗಳು. ಮರಳುಗಾಡಿನಲ್ಲಿ ಕಾಳು ಕೂಡಿಡುವ ಇರುವೆಗಳ ಅಧ್ಯಯನ. ಈ ಇರುವೆಗಳ ಮದುವೆ ವರ್ಷಕ್ಕೊಂದೇ ಸಲ. ಮೊದಲ ಒಳ್ಳೆಯ ಮಳೆ ಬಿದ್ದಾಗ ರೆಕ್ಕೆ ಬಂದ ರಾಣಿಯರೂ ಗಂಡುಗಳೂ ಗೂಡಿನಿಂದೆದ್ದು ಹಾರುತ್ತವೆ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಹಿಡಿಯಬೇಕಾದದ್ದು ಆಗಷ್ಟೇ ಕೂಡಿ ನೆಲಕ್ಕಿಳಿದ ರಾಣಿಯರನ್ನು. ಮಳೆ ಯಾವ ಊರಿಗೆ ಯಾವಾಗ ಬರುತ್ತದೆಂದು ದಿನವೂ ಮುನ್ಸೂಚನೆ ನೋಡುವ ಕೆಲಸ ಉಷಾಳ ಕೊರಳಿಗೆ ಬಿತ್ತು. ಇಂಡಿಯಾದವರಲ್ಲವೇ, ಅಲ್ಲಿನ ಮಳೆ ಗೊತ್ತಿರುತ್ತದೆ ಎಂಬುದು ಸೆನ್ಸೆಯವರ ಲೆಕ್ಕ. ಹಿರಿಯೂರಿನವಳಾದ ಉಷಾ ಅಷ್ಟರವರೆಗೆ ಒಂಟೆಯನ್ನು ಕಂಡದ್ದು ಮೈಸೂರಿನ ಮೃಗಾಲಯದಲ್ಲಿ ಮಾತ್ರ.

ಮುನ್ಸೂಚನೆ ಕೇಳಿ ಅಲ್ಲಿ ಊರಿಂದೂರಿಗೆ ಜೀಪಿನಲ್ಲಿ ಓಡುವವಳು ಹರ್ಷಿತಾ, ಬೆಂಗಳೂರಿನ ಹುಡುಗಿ, ಸೆನ್ಸೆಯವರ ಪಿಎಚ್‌ಡಿ ವಿದ್ಯಾರ್ಥಿನಿ. ಎರಡು ವರ್ಷ ಬರಿಗೈಯಲ್ಲಿ ವಾಪಸಾಗಿದ್ದಳು. ಇದು ಮೂರನೆಯದು, ಕೊನೆಯದು. ಈ ಸಲವೂ ರಾಣಿಯರು ಸಿಗದಿದ್ದರೆ ಅವಳ ಸಂಶೋಧನೆಯೇ ಮಣ್ಣುಪಾಲು.

ಸೆನ್ಸೆಯವರಲ್ಲಿ ಒಂದು ನಿಯಮವಿತ್ತು: ಮಳೆ ಬಂದ ದಿನವೇ ಹಾರಾಟ. ಮರಳುಗಾಡಿನ ಒಂದು ಊರಿನ ಶಾಲಾ ಮೇಷ್ಟ್ರೊಬ್ಬರು ಇರುವೆ ಹಾರಿದ ತಾರೀಕುಗಳನ್ನು ಒಂಬತ್ತು ವರ್ಷ ಬರೆದಿಟ್ಟಿದ್ದರು. ಅದರ ಪಕ್ಕದಲ್ಲಿ ಸರ್ಕಾರಿ ಮಳೆ ಪಟ್ಟಿ ಇಟ್ಟು ನೋಡಿದರೆ ಒಂಬತ್ತೂ ವರ್ಷದ ತಾರೀಕುಗಳು ತಾಳೆಯಾಗುತ್ತಿದ್ದವು. ಆ ಕೋಷ್ಟಕವನ್ನು ಟೈಪ್ ಮಾಡಿದ್ದೇ ಉಷಾ. ಮಳೆ ನಿಂತ ಎರಡು ಗಂಟೆಯೊಳಗೆ ಇರುವೆ ಏಳದಿದ್ದರೆ ಮಳೆ ಬರಲಿರುವ ಮುಂದಿನ ಊರಿಗೆ ಹೊರಡಬೇಕೆಂಬುದು ಅದರಿಂದ ಹುಟ್ಟಿದ ಆಜ್ಞೆ.

ಜುಲೈನ ಒಂದು ಗುರುವಾರ ಉಷಾ ಹೇಳಿದ ಊರಿನಲ್ಲೇ, ಹೇಳಿದ ಹೊತ್ತಿಗೇ ಮಳೆ ಸುರಿಯಿತು! ಕುಣಿಯುವುದೊಂದು ಬಾಕಿ. ಕಾಶಿವಾದಲ್ಲಿ ಸಂಜೆ ಐದೂವರೆ, ಅಲ್ಲಿ ಮಧ್ಯಾಹ್ನ ಎರಡಾದಾಗ ಹರ್ಷಿತಾಳ ಫೋನ್ ಬಂತು.

"ಆಂಟಿ, ಏನೂ ಇಲ್ಲ. ಸೂಪರ್ ಮಳೆ ಬಂತು, ನಿಂತು ಎರಡು ಗಂಟೆ ಆಯ್ತು, ಒಂದೇ ಒಂದು ರಾಣಿ ಹೊರಗೆ ಬಂದಿಲ್ಲ. ನಾನಿನ್ನು ಮುಂದಿನ ಊರಿಗೆ ಹೊರಡ್ತೀನಿ."

"ಅಲ್ಲಿನ ಜನ ಏನಂತಾರೆ?"

"ಟೀ ಅಂಗಡಿ ಅಜ್ಜಿ, ಅವು ಬೆಳಿಗ್ಗೆ ಬೆಳಿಗ್ಗೆನೇ ಹಾರೋದು ಅಂತಾರೆ. ಬೆಳಿಗ್ಗೆ ಮಳೆನೇ ಇರ್ಲಿಲ್ಲ ಆಂಟಿ! ಏನೋ ಕನ್‌ಫ್ಯೂಸ್ ಮಾಡ್ಕೊಂಡಿದ್ದಾರೆ."

ಬೆಳಿಗ್ಗೆ ಎಂಬ ಮಾತಿಗೆ ಉಷಾಗೆ ಅಪ್ಪನ ನೆನಪಾಯಿತು. ಅವಳ ಅಪ್ಪ ಹಿರಿಯೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಂಗಳದಲ್ಲಿದ್ದ ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಗಾಜಿನ ಅಳತೆಗೆ ಸುರಿದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಗಾಜು ಹಿಡಿಯುವ ಗತ್ತು ಪುಟ್ಟ ಉಷಾಳದು. ನಿನ್ನೆ ಮಧ್ಯಾಹ್ನ ಬಂದ ಮಳೆಗೆ ಇವತ್ತಿನ ತಾರೀಕು ಹಾಕುವುದು ಸುಳ್ಳಲ್ಲವೇ ಎಂದು ಒಮ್ಮೆ ರಚ್ಚೆ ಹಿಡಿದಿದ್ದಳು. "ಬಿದ್ದ ದಿನ ಅಲ್ಲಮ್ಮ, ಅಳೆದ ದಿನ ಬರೀಬೇಕು. ಎಲ್ಲಾ ಕಡೆ ಹಂಗೇ" ಎಂದಿದ್ದರು ಅಪ್ಪ. ಎಲ್ಲಾ ಕಡೆ ಎಂದರೆ ರಾಜಸ್ಥಾನದಲ್ಲೂ!

"ಹರ್ಷಿತಾ, ಅಲ್ಲಿಂದ ಅಲ್ಲಾಡಿದ್ರೆ ನಿನ್ನ ಕಾಲು ಮುರೀತೀನಿ. ಲೈನಲ್ಲೇ ಇರು" ಎಂದು ಉಷಾ ಸೆನ್ಸೆಯವರ ಕೋಣೆಗೆ ಓಡಿದಳು.

ಒಳಗೆ ಕಾಲಿಟ್ಟ ಮೇಲೆ ಧೈರ್ಯ ಬಾಗಿಲಲ್ಲೇ ಉಳಿಯಿತು. ಅರೆಕಾಲಿಕದವಳೊಬ್ಬಳು ಪ್ರೊಫೆಸರರ ನಿಯಮ ತಪ್ಪು ಎನ್ನುವುದು ಹೇಗೆ? ಮೂರು ಸಲ ಸುಮಿಮಾಸೆನ್, ಕ್ಷಮಿಸಿ, ಎಂದಳು. ಆಮೇಲೆ ತಡೆಯಲಾರದೆ ಕೋಷ್ಟಕವನ್ನು ಅವರ ಮುಂದೆ ಹಾಸಿ ಒಂದೇ ಉಸಿರಿಗೆ ಹೇಳಿದಳು: ಈ ತಾರೀಕುಗಳು ಮಳೆ ಬಿದ್ದ ದಿನದ್ದಲ್ಲ, ಅಳೆದ ದಿನದ್ದು. ಮಳೆ ಬಿದ್ದದ್ದು ಹಿಂದಿನ ದಿನ. ಇರುವೆ ಹಾರುವುದು ಮಾರನೆಯ ಬೆಳಿಗ್ಗೆ. ಎರಡು ವರ್ಷವೂ ನಾವು ಬೆನ್ನು ತಿರುಗಿಸಿ ಹೋದ ಮೇಲೆ ಅವು ಹಾರಿವೆ.

ಸೆನ್ಸೆ ಕನ್ನಡಕ ತೆಗೆದು ಒಂಬತ್ತು ಸಾಲುಗಳನ್ನೂ ಬೆರಳಿಟ್ಟು ನೋಡಿದರು.

"ಉಷಾ-ಸಾನ್, ನಿಮ್ಮ ಮಾತು ತಪ್ಪಾದರೆ ಮುಂದಿನ ಊರೂ ಕೈತಪ್ಪುತ್ತದೆ. ಈ ವರ್ಷ ಮತ್ತೊಂದು ಮಳೆ ಸಿಗಲಿಕ್ಕಿಲ್ಲ."

"ಆ ಗಾಜನ್ನು ನಾನೇ ಹಿಡಿಯುತ್ತಿದ್ದೆ, ಸೆನ್ಸೆ."

ಅವರು ಕನ್ನಡಕ ಹಾಕಿಕೊಂಡರು. "ಹರ್ಷಿತಾ-ಸಾನ್ ಅಲ್ಲೇ ಇರಲಿ" ಎಂದರು.

ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ಸೆನ್ಸೆಯೂ ಉಷಾಳೂ ಒಂದೇ ಪರದೆಗೆ ಮುಖ ಕೊಟ್ಟು ಕೂತಿದ್ದರು. ಅಲ್ಲಿ ಆರೂವರೆ, ಎಳೆ ಬಿಸಿಲು. ಹರ್ಷಿತಾ ಮರಳಿಗೆ ಬೆರಳು ಚುಚ್ಚಿ ತೋರಿಸಿದಳು. ಇಡೀ ಬೆರಳು ಒದ್ದೆ. ಗೂಡಿನ ಬಾಯಿ ಖಾಲಿ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎಲ್ಲಾದರೂ ತಪ್ಪಿದೆನೇ ಎಂದು ಉಷಾ ಕೋಷ್ಟಕದ ಸಾಲುಗಳನ್ನು ಮತ್ತೆ ನೋಡಿದಳು. ಹುಡುಗಿಯ ಮೂರು ವರ್ಷ ತನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಕೆಲಸಗಾರ ಇರುವೆಗಳು ಬಂದು ಬಾಯಿಯ ಮರಳು ಬಗೆಯತೊಡಗಿದವು. ಅವುಗಳ ನಡುವೆ ಏನೋ ಮಿಣುಕಿತು.

"ರೆಕ್ಕೆ! ಆಂಟಿ, ರೆಕ್ಕೆ! ಬಂದ್ವು, ಬಂದ್ವು! ಅಯ್ಯೋ, ಎಲ್ಲಾ ಗೂಡಿಂದ್ಲೂ ಬರ್ತಿವೆ! ನನ್ನ ಟೋಪಿ ಮೇಲೆ, ನೋಡಿ ನೋಡಿ, ಆಕಾಶ ತೋರಿಸ್ತೀನಿ!"

ಮೂರು ವರ್ಷ ಕಾದ ನೋಟ. ಉಷಾಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಪರದೆಯ ತುಂಬ ಮಿನುಗುವ ಚುಕ್ಕೆಗಳು ಮೇಲೇಳುತ್ತಿದ್ದವು. ಆದರೆ ಹುಡುಗಿಯ ಒಂದು ಕೈಯಲ್ಲಿ ಫೋನಿತ್ತು.

"ಫೋನ್ ಇಡೇ, ಮಂಕೇ! ಎರಡೂ ಕೈ ಬೇಕು ನಿಂಗೆ. ಹಿಡಿ!" ಎಂದು ಚೀರಿ, ಸೆನ್ಸೆಯವರ ಅಪ್ಪಣೆಯನ್ನೂ ಕೇಳದೆ ಉಷಾ ತಾನೇ ಕರೆ ಕತ್ತರಿಸಿದಳು.

ಮಧ್ಯಾಹ್ನ ಹನ್ನೆರಡಕ್ಕೆ ಫೋಟೊ ಬಂತು: ಜೀಪಿನ ಬಾನೆಟ್ ಮೇಲೆ ಸಾಲಾಗಿ ನಲವತ್ತೊಂದು ಗಾಜಿನ ಕೊಳವೆ, ಪ್ರತಿಯೊಂದರಲ್ಲೂ ಒಬ್ಬೊಬ್ಬ ರಾಣಿ. ಸೆನ್ಸೆ ಎದ್ದು ನಿಂತು ಸೊಂಟ ಬಾಗಿಸಿ ಉಷಾಗೆ ನಮಸ್ಕರಿಸಿದರು. ಗಾಬರಿಯಲ್ಲಿ ಆಕೆ ಎರಡೂ ಕೈ ಮುಗಿದುಬಿಟ್ಟಳು.

ಅಲ್ಲೀಗ ಎಂಟೂವರೆ. ಆ ತಾಲ್ಲೂಕಿನ ಯಾವುದೋ ಕಚೇರಿಯ ಅಂಗಳದಲ್ಲಿ ಯಾರೋ ಒಬ್ಬರು ನಿನ್ನೆಯ ಮಳೆಯನ್ನು ಅಳೆದು ಇವತ್ತಿನ ತಾರೀಕು ಹಾಕುತ್ತಿರುತ್ತಾರೆ. ಉಷಾ ಕೋಷ್ಟಕ ತೆರೆದು, 'ಅಳೆದ ದಿನ'ದ ಪಕ್ಕದಲ್ಲಿ 'ಬಿದ್ದ ದಿನ' ಎಂದು ಹೊಸದೊಂದು ಕಾಲಂ ಸೇರಿಸಿ, ಅದರಲ್ಲಿ ನಿನ್ನೆಯ ತಾರೀಕು ಬರೆದಳು.