ಅಲುಗಾಡುತ್ತಲೇ ಸನ್ಮಾನ ಮಾಡಿಸಿಕೊಂಡ ಮುರುಗಪ್ಪ

ಬದುಕಿದ್ದಾಗ ಒಂದು ದಿನವೂ ನೆಟ್ಟಗೆ ಕೂರದವರನ್ನು ಕೊನೆಯ ದಿನ ನೆಟ್ಟಗೆ ಕೂರಿಸಿ ಕಳಿಸುವುದು ಹೊಸದುರ್ಗದಲ್ಲಿ ಮುರುಗಪ್ಪನ ಕೆಲಸ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ‘ವಿಮಾನ ಅಲಂಕಾರ’ ಎಂಬ ಬೋರ್ಡಿನ ಕೆಳಗೆ ಅವನ ಅಂಗಡಿ. ಬಿದಿರು, ಬಣ್ಣದ ಬಟ್ಟೆ, ಕಳಸ, ಹೂವು ಸೇರಿಸಿ ಅವನು ಕಟ್ಟುವ ವಿಮಾನದಲ್ಲಿ ಲಿಂಗಾಯತರ ಮನೆಯ ಹಿರಿಯರು ಹಣೆತುಂಬ ವಿಭೂತಿ ಧರಿಸಿ, ಕಾಲು ಮಡಿಸಿ ಕೂತು, ಊರಿನ ಮೇಲೆ ಕೊನೆಯ ಸವಾರಿ ಹೊರಡುತ್ತಾರೆ. ಸುಡುವ ಪದ್ಧತಿಯವರಿಗೆ ಚಟ್ಟವನ್ನೂ ಅಷ್ಟೇ ಮುತುವರ್ಜಿಯಿಂದ ಕಟ್ಟಿಕೊಡುತ್ತಾನೆ. ಆದರೆ “ಮಲಗ್ಸಾದು ಯಾರಾದ್ರೂ ಮಲಗುಸ್ತಾರೆ, ಕೂರ್ಸಾದು ವಿದ್ಯೆ” ಎಂಬುದು ಅವನ ಖಚಿತ ಅಭಿಪ್ರಾಯ.

ವಿದ್ಯೆ ಹೌದು. ಮೈ ಸೆಟೆಯುವ ಮೊದಲೇ ಕಾಲು ಮಡಿಸಬೇಕು. ಬೆನ್ನಿಗೆ ಹಲಗೆ ಕೊಡಬೇಕು. ಎಲ್ಲಕ್ಕಿಂತ ಕಷ್ಟದ್ದು ಕತ್ತು. ಅದು ವಾಲಿದರೆ ಸತ್ತವರು ತೂಕಡಿಸುತ್ತಿರುವಂತೆ ಕಾಣುತ್ತಾರೆ. ಬಾಯಿ ತೆರೆದಿದ್ದರೆ ಇನ್ನೂ ಏನೋ ಹೇಳುವುದು ಬಾಕಿ ಇದ್ದಂತೆ ಕಾಣುತ್ತಾರೆ. ಆಸ್ತಿ ಇರುವ ಮನೆಗಳಲ್ಲಿ ಅದು ಅಷ್ಟು ಒಳ್ಳೆಯದಲ್ಲ. ಮುರುಗಪ್ಪ ಎಡಗೈಯನ್ನು ಗದ್ದದ ಕೆಳಗೆ, ಬಲಗೈಯನ್ನು ತಲೆಯ ಹಿಂದೆ ಇಟ್ಟು ಒಂದೇ ಸಲ ಮೆಲ್ಲಗೆ ಎತ್ತಿದನೆಂದರೆ ಮುಗಿಯಿತು, ಕತ್ತು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ವಿಮಾನದಲ್ಲಿ ಒಬ್ಬರೂ ವಾಲಿಲ್ಲ. ಆ ಕಡೆ ಶ್ರೀರಾಂಪುರದಿಂದ, ಈ ಕಡೆ ಯಲ್ಲದಕೆರೆಯಿಂದಲೂ ಅವನಿಗೇ ಫೋನು.

ಸ್ಮಶಾನಕ್ಕೆ ನೀರಿನ ತೊಟ್ಟಿ ಕಟ್ಟಿಸಿದವನೂ ಅವನೇ, ದಾರಿಯುದ್ದಕ್ಕೂ ಹೊಂಗೆ ಗಿಡ ನೆಟ್ಟವನೂ ಅವನೇ. ಇಷ್ಟು ಬೇಕಾದ ಮನುಷ್ಯ ಬೀದಿಯಲ್ಲಿ ಎದುರಾದರೆ ಮಾತ್ರ ಜನ ನಗುನಗುತ್ತಲೇ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು. ಕಾಯಿಲೆಯವರಿರುವ ಮನೆಯ ಮುಂದೆ ಅವನು ಚಪ್ಪಲಿ ಸರಿಮಾಡಿಕೊಳ್ಳಲು ನಿಂತರೂ ಒಳಗಿನವರು ಬಾಗಿಲು ಮುಂದಕ್ಕೆ ತಳ್ಳುತ್ತಿದ್ದರು. ಮದುವೆಯ ಕಾರ್ಡು ಅವನ ಮನೆಯ ಹೊಸಿಲು ಕಂಡಿರಲಿಲ್ಲ.

ಅಂಥ ಮನೆಗೆ ಒಂದು ದಿನ ನಾಗರಾಜಪ್ಪ ಮೇಷ್ಟ್ರು ಖುದ್ದಾಗಿ ಬಂದರು. ನಿವೃತ್ತ ಮುಖ್ಯೋಪಾಧ್ಯಾಯರು, ಹಿರಿಯ ನಾಗರಿಕರ ಸಂಘದ ಅಧ್ಯಕ್ಷರು, ಶಾಲು ಇಡಲೆಂದೇ ಬೇರೆ ಬೀರು ಮಾಡಿಸಿದವರು. ಸಂಘ ವರ್ಷಕ್ಕೊಬ್ಬರಿಗೆ ಸನ್ಮಾನ ಮಾಡುತ್ತದೆ. ಡಾಕ್ಟರು, ವಕೀಲರು, ಭಜನೆಯವರು, ಕೊನೆಗೆ ಮೈಕ್‌ಸೆಟ್ಟಿನವನಿಗೂ ಆಗಿ, ಊರಿನಲ್ಲಿ ಸನ್ಮಾನವಾಗದೆ ಉಳಿದಿದ್ದವನು ಮುರುಗಪ್ಪನೊಬ್ಬನೇ.

“ಸಮಾಜಸೇವಾ ರತ್ನ ಅಂತ ಹಾಕ್ಸೀವಿ ಕಣಪ್ಪ,” ಎಂದು ಅವನ ಹೆಸರಿದ್ದ ಕಾರ್ಡು ಕೊಟ್ಟರು. “ಶಾಲು, ಹಾರ, ಪೇಟ, ಎಲ್ಲಾ ಐತೆ. ಹೂವಿನ ಕುರ್ಚಿ ಒಂದು ಆಗ್ಬೇಕು.”

“ಕುರ್ಚಿ ಅಲಂಕಾರ ಯಾರು ಮಾಡ್ತಾರ್ರಿ?”

“ಊರಾಗೆ ನಿನ್ನ ಬಿಟ್ರೆ ಇನ್ಯಾರವರೆ?”

ಮೇಷ್ಟ್ರು ಹೋದ ಮೇಲೆ ಹೆಂಡತಿ ಸರ್ವಮಂಗಳ ಅಡುಗೆಮನೆಯಿಂದ ಹೊರಗೆ ಬಂದಳು.

“ಶಾಲು, ಹಾರ, ಪೇಟ. ಹೂವು ಯಾರ್ದು?”

“ಕೆಂಚಣ್ಣಂದು.” ಕೆಂಚಣ್ಣನೇ ವಿಮಾನಗಳಿಗೂ ಹೂವು ಕೊಡುವವನು.

“ಕುರ್ಚಿ?”

“ನಮ್ದೇ.”

“ಇನ್ನೇನು ಬಾಕಿ ಉಳೀತ್ರಿ? ಹಲಗೆ ಬಡಿಯೋರ್ನೂ ಕರದುಬಿಡ್ರಿ! ನಾನೂ ಅಳಾಕೆ ಕುಂತ್ಕಂತೀನಿ!”

ಮುರುಗಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಮಂಗಳಾ, ಯಾರೂ ಸಾಯದೇನೇ ನನ್ನ ಬಾ ಅಂತ ಕರದಿರಾದು ಇದೇ ಮೊದ್ಲು.”

ಅವಳು ಕಾರ್ಡನ್ನು ಇಸಿದುಕೊಂಡು ದೇವರ ಗೂಡಿನಲ್ಲಿಟ್ಟಳು. ಆಮೇಲೆ ಷರತ್ತು ಹಾಕಿದಳು. “ಹೋಗ್ರಿ. ಆದ್ರೆ ನೀವು ಕೂರುಸ್ತೀರಲ್ಲ, ಹಂಗೆ ಮಾತ್ರ ಕೂರಬ್ಯಾಡ್ರಿ. ಕಾಲು ಅಲ್ಲಾಡುಸ್ತಾ ಇರ್ರಿ, ಕತ್ತು ತಿರುಗುಸ್ತಾ ಇರ್ರಿ. ನಾನು ಮೂರನೇ ಸಾಲಿನಾಗೆ ಕುಂತು ನೋಡ್ತಿರ್ತೀನಿ.”

ಭಾನುವಾರ ಬೆಳಿಗ್ಗೆ ಸಮುದಾಯ ಭವನ ತುಂಬಿತ್ತು. ಪೇಟ, ಶಾಲು, ಹಾರ ಹಾಕಿಸಿಕೊಂಡ ಮುರುಗಪ್ಪ ತಾನೇ ಹೂವು ಕಟ್ಟಿದ ಕುರ್ಚಿಯಲ್ಲಿ ಕೂತು, ಕೊಟ್ಟ ಮಾತಿನಂತೆ ಅಲುಗಾಡತೊಡಗಿದ. ಫೋಟೋದವನು “ಸಾರ್, ಒಂದ್ನಿಮಿಷ” ಎಂದು ಮೂರು ಸಲ ಬೇಡಿಕೊಂಡು ಸುಮ್ಮನಾದ. ಪಕ್ಕದ ಕುರ್ಚಿಯ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

“ಏನಪ್ಪ, ಇರುವೆ ಹತ್ಯಾವೇನು? ಗಂಭೀರವಾಗಿ ಕುಂತ್ಕ.”

“ಆಗಾದಿಲ್ರಿ ಸಾರ್, ಮನ್ಯಾಗೆ ಮಾತು ಕೊಟ್ಟೀನಿ.”

ಮೇಷ್ಟ್ರು ಎದ್ದು ಮುರುಗಪ್ಪನ ಬಗ್ಗೆ ನಾಲ್ಕು ನಿಮಿಷ, ಮುರುಗಪ್ಪನನ್ನು ಗುರುತಿಸಿದ ತಮ್ಮ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಕೂತ ಮೇಲೂ ಕೈಯಲ್ಲಿದ್ದ ಮೈಕು ಬಿಡಲಿಲ್ಲ. ಮುಖ್ಯ ಅತಿಥಿಗಳಿಗೆ ಇನ್ನೊಂದು ಮೈಕು ತಂದು ಕೊಡಬೇಕಾಯಿತು. ಅತಿಥಿಗಳ ಭಾಷಣ ಬಸವಣ್ಣನವರ ಕಾಲಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ಕಣ್ಣು ಮುಚ್ಚಿತು. ತಾವೂ ಸುತ್ತಿಸಿಕೊಂಡಿದ್ದ ಪೇಟ ಜಾರಿತು. ಕತ್ತು ಎಡಕ್ಕೆ ವಾಲಿತು, ಬಾಯಿ ತೆರೆಯಿತು.

ಮುರುಗಪ್ಪ ನೋಡಬಾರದೆಂದು ಆ ಕಡೆ ತಿರುಗಿದ. ಮತ್ತೆ ನೋಡಿದ. ವಾಲಿದ ಕತ್ತನ್ನು ವಾಲಲು ಬಿಟ್ಟ ಕೈಯಲ್ಲ ಅದು. ಅವನನ್ನು ಕೇಳದೆಯೇ ಎಡಗೈ ಗದ್ದದ ಕೆಳಗೆ ಹೋಯಿತು, ಬಲಗೈ ತಲೆಯ ಹಿಂದೆ ಹೋಯಿತು. ಕತ್ತು ನಿಂತಿತು, ಬಾಯಿ ಮುಚ್ಚಿತು.

ಭಾಷಣವೂ ನಿಂತಿತು. ಆ ಕೈಗಳು ಆ ರೀತಿ ಏಳುವುದನ್ನು ಊರು ಒಂದೇ ಸಂದರ್ಭದಲ್ಲಿ ನೋಡಿತ್ತು. ಮುಂದಿನ ಸಾಲಿನಲ್ಲಿದ್ದ ಸಂಘದ ಹಿರಿಯಜ್ಜಿ ಏಕಾಂತಮ್ಮ ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ಶಿವನೇ, ಮೇಷ್ಟ್ರು ಹೋಗ್ಬಿಟ್ರಾ!” ಎಂದರು. ಸಭೆ ಎದ್ದು ನಿಂತಿತು. ಬಾಗಿಲಲ್ಲಿದ್ದ ಕೆಂಚಣ್ಣ ಬುಟ್ಟಿಯಲ್ಲಿ ಇನ್ನೆಷ್ಟು ಹಾರ ಇದೆ ಎಂದು ನೋಡಿಕೊಂಡ. ಸರ್ವಮಂಗಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುರುಗಪ್ಪನಿಗೆ ಕೈ ತೆಗೆಯಲೂ ಭಯ, ಇಟ್ಟುಕೊಳ್ಳಲೂ ಭಯ. ಮೊದಲ ಆಹ್ವಾನವೇ ಕೊನೆಯದೂ ಆಯಿತು ಅಂದುಕೊಂಡ.

ಮೇಷ್ಟ್ರು ಕಣ್ಣು ಬಿಟ್ಟರು. ಎದ್ದು ನಿಂತ ಸಭೆಯನ್ನು ನೋಡಿದರು. ಅದು ತಮಗೆ ಸಲ್ಲತಕ್ಕ ಗೌರವವೇ ಅನ್ನಿಸಿತೋ ಏನೋ, ಸಣ್ಣಗೆ ತಲೆದೂಗಲು ಹೋದರು. ಆಗ ಗದ್ದದ ಕೆಳಗಿನ ಕೈ ತಿಳಿಯಿತು. ದನಿ ತಗ್ಗಿಸಿ ಕೇಳಿದರು:

“ಬಾಯಿ ತಕ್ಕಂಡಿದ್ನೇನೋ?”

“ಸ್ವಲ್ಪ, ಸಾರ್.”

“ಫೋಟೋದಾಗೆ ಬಂತಾ?”

“ಇಲ್ರಿ. ಅಷ್ಟರಾಗೆ ಮುಚ್ಚುಸ್ದೆ.”

ಮೇಷ್ಟ್ರು ಕತ್ತು ಸವರಿಕೊಂಡು ಯೋಚಿಸಿದರು. “ಕೈ ಹಗುರ ಐತೆ ಕಣಪ್ಪ ನಿಂದು. ಅವತ್ತೂ ಹಿಂಗೇ ಮುಚ್ಚುಸು.”

ತೊಡೆಯ ಮೇಲಿದ್ದ ಮೈಕು ಇಷ್ಟನ್ನೂ ಕೊನೆಯ ಸಾಲಿಗೆ ಮುಟ್ಟಿಸಿತ್ತು. ಮೊದಲು ನಕ್ಕವರು ಏಕಾಂತಮ್ಮ. ಆಮೇಲೆ ಇಡೀ ಭವನ.

ಸಭೆ ಮುಗಿದ ಮೇಲೆ ಅಭಿನಂದಿಸಲು ಹಿರಿಯರ ಸಾಲು ನಿಂತಿತು. ಬಂದವರೆಲ್ಲ ಅವನ ಕೈ ಹಿಡಿದು, ಅಕ್ಕಪಕ್ಕ ನೋಡಿ, ಗುಟ್ಟಾಗಿ ಏನೋ ಹೇಳಿ ಹೋಗುತ್ತಿದ್ದರು. ಒಬ್ಬರು, “ನಂಗೆ ಮೊಣಕಾಲು ಮಡಚಾಕೆ ಬರಲ್ಲ, ಈಗ್ಲೇ ನೋಡ್ಕಂಡಿರಪ್ಪ” ಎಂದರು. ನಿವೃತ್ತ ತಹಸೀಲ್ದಾರರೊಬ್ಬರು, ಹಾರ ಮೀಸೆಯನ್ನು ಮುಚ್ಚಬಾರದೆಂದು ಆದೇಶ ಹೊರಡಿಸಿದರು.

“ನನ್ನ ಕತ್ತು ಎಡಕ್ಕೆ ವಾಲ್ತೈತೆ, ನೆನಪಿಟ್ಕ,” ಎಂದರು ಏಕಾಂತಮ್ಮ. “ಅದಿರ್ಲಿ, ನಾಳೆ ಬಿಟ್ಟು ಬರಾ ಸೋಮವಾರ ಮೊಮ್ಮಗಳ ಮದುವೆ. ಕಾರ್ಡು ಕೊಟ್ಟು ಕಳುಸ್ತೀನಿ. ಗಂಡ ಹೆಂಡ್ತಿ ಬಂದು ಊಟ ಮಾಡ್ಕಂಡು ಹೋಗ್ರಿ.”

ವಾರದ ಮೇಲೆ ಸನ್ಮಾನದ ಫೋಟೋ ಕಟ್ಟು ಹಾಕಿಸಿಕೊಂಡು ಬಂತು. ವೇದಿಕೆಯ ಮೇಲಿನವರೆಲ್ಲ ಕೆತ್ತಿ ಇಟ್ಟ ಹಾಗೆ ಕೂತಿದ್ದರು. ಮುರುಗಪ್ಪನೊಬ್ಬ ಮಬ್ಬುಮಬ್ಬು; ಒಂದು ಕಾಲು ಗಾಳಿಯಲ್ಲಿ, ಮುಖ ಹೆಂಡತಿಯ ಕಡೆಗೆ. ತಂದ ಕೆಂಚಣ್ಣ ಅದಕ್ಕೊಂದು ಮಲ್ಲಿಗೆ ಹಾರವನ್ನೂ ತಂದಿದ್ದ.

“ಫೋಟೋಕ್ಕೆ ಹಾರ ಗೀರ ಮುಟ್ಟಿಸಿದ್ರೆ ನೋಡು ಮತ್ತೆ!” ಎಂದು ಸರ್ವಮಂಗಳ ಅದನ್ನು ಕಿತ್ತುಕೊಂಡು, ಒಂದು ಮೊಳ ಹರಿದು ತನ್ನ ತುರುಬಿಗೆ ಮುಡಿದುಕೊಂಡಳು. ಸೋಮವಾರದ ಮದುವೆಗೆ ಹೊರಡಲು ಹೊತ್ತಾಗಿತ್ತು. ಗಾಜನ್ನು ಸೆರಗಿನಿಂದ ಒರೆಸಿ, ನಡುಮನೆಯ ಗೋಡೆಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಇಷ್ಟು ಜನದಾಗೆ ಜೀವ ಇದ್ದಂಗೆ ಕಾಣಾದು ನಮ್ಮೋರೊಬ್ರೇ.”